ಸೆಕೆಂಡು ಎಣಿಸುವ ಚಟ

ನಿಧಾನವಾಗಿ ಎತ್ತಿದಷ್ಟೂ ಸ್ನಾಯು ಚೆನ್ನಾಗಿ ಬೆಳೆಯುತ್ತದೆ ಎಂಬುದು ಈಗ ಜಿಮ್‌ಗಳಲ್ಲಿ ವೇದವಾಕ್ಯ. ಟ್ರೈನರ್ ಪಕ್ಕದಲ್ಲಿ ನಿಂತು 'ಒಂದು, ಎರಡು, ಮೂರು, ನಾಲ್ಕು' ಎನ್ನುತ್ತಾರೆ, ಎತ್ತುವಾಗಲೂ ಇಳಿಸುವಾಗಲೂ. ತೋಳು ಉರಿಯತೊಡಗಿದರೆ ಕೊಟ್ಟ ಫೀಸು ದಕ್ಕಿತೆಂಬ ಸಮಾಧಾನ.

ಈ ನಂಬಿಕೆಯ ಅತಿರೇಕವೇ 'ಸೂಪರ್‌ಸ್ಲೋ'. 1982ರ ಸುಮಾರಿಗೆ ಫ್ಲೋರಿಡಾದಲ್ಲಿ ಕೆನ್ ಹಚಿನ್ಸ್, ಮೂಳೆ ಸವೆದ ಮಹಿಳೆಯರಿಗೆ ವ್ಯಾಯಾಮ ಮಾಡಿಸುತ್ತಾ ಇದನ್ನು ರೂಪಿಸಿದರು: ಎತ್ತಲು 10 ಸೆಕೆಂಡು, ಇಳಿಸಲು 5. ಜರ್ಕ್ ಬಿದ್ದರೆ ಅಪಾಯವಿದ್ದವರಿಗೆ ಅದು ತಕ್ಕ ಎಚ್ಚರಿಕೆಯೇ. ಆಮೇಲೆ ಅದೇ ಎಲ್ಲರ ಮೈಕಟ್ಟಿನ ಸೂತ್ರವೆಂದು ಮಾರಾಟವಾಯಿತು.

2015ರಲ್ಲಿ ವ್ಯಾಯಾಮ ಸಂಶೋಧಕ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಅದುವರೆಗಿನ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದರು. ಇನ್ನೊಂದು ರೆಪ್, ಅಂದರೆ ಒಮ್ಮೆ ಎತ್ತಿ ಇಳಿಸುವುದು, ಆಗದೆಂಬ ಮಟ್ಟಕ್ಕೆ ಎತ್ತಿದರೆ, ಒಂದು ರೆಪ್‌ಗೆ ಅರ್ಧ ಸೆಕೆಂಡು ಹಿಡಿಯಲಿ, 8 ಸೆಕೆಂಡು ಹಿಡಿಯಲಿ, ಸ್ನಾಯುವಿನ ಬೆಳವಣಿಗೆ ಹೆಚ್ಚುಕಡಿಮೆ ಒಂದೇ. 10 ಸೆಕೆಂಡು ದಾಟಿದ ನಿಧಾನವೇ ಹಿಂದೆ ಬಿದ್ದಂತೆ ಕಂಡಿತು.

ಕಾರಣ ಊಹಿಸಲು ಕಷ್ಟವಿಲ್ಲ. ಬೇಕೆಂದೇ ನಿಧಾನ ಮಾಡಿದರೆ ಎತ್ತುವ ತೂಕವನ್ನು ಕಡಿಮೆ ಮಾಡಲೇಬೇಕು. ದೊಡ್ಡ ಸ್ನಾಯುತಂತುಗಳನ್ನು ನರವ್ಯೂಹ ಕೆಲಸಕ್ಕೆ ಕರೆಯುವುದು ಕೊನೆಗೆ: ಭಾರ ಹೆಚ್ಚಿದಾಗ, ಅಥವಾ ದಣಿವು ಏರಿದಾಗ. ಹಗುರ ತೂಕವನ್ನು ಲೆಕ್ಕ ಹಾಕಿ ಎತ್ತುತ್ತಾ, ದಣಿಯುವ ಮೊದಲೇ ಸೆಟ್ ಮುಗಿಸಿದವರಿಗೆ ಇವೆರಡೂ ಇಲ್ಲ. ಉರಿ ಮಾತ್ರ ಉಂಟು.

ಬೆಂಚ್ ಪ್ರೆಸ್‌ನ ಕೊನೆಯ ರೆಪ್ ಗಮನಿಸಿ. ಎದೆಯಿಂದ ಗೇಣು ಮೇಲೆ ಬಾರ್ ತಡೆದು ನಿಲ್ಲುತ್ತದೆ, ಮೊಣಕೈ ನಡುಗುತ್ತದೆ, ಕೊನೆಗೆ ಇಂಚಿಂಚಾಗಿ ಏರುತ್ತದೆ. ನೋಡುವವರಿಗೆ ಅದು ನಿಧಾನ. ಎತ್ತುವವನು ಮಾತ್ರ ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತುತ್ತಿದ್ದಾನೆ. ಬಲ ಬೇಕಿದ್ದವರು ಮೊದಲ ರೆಪ್‌ನಿಂದಲೂ ಹೀಗೇ ಒತ್ತಬೇಕು. ಬಾರ್ ಎಷ್ಟು ಬೇಗ ಏರಬೇಕೆಂಬುದನ್ನು ತೂಕ ನೋಡಿಕೊಳ್ಳುತ್ತದೆ.

ಇಳಿಸುವ ಮಾತು ಬೇರೆ. ಅಲ್ಲಿ ಹಿಡಿತ ಬೇಕೇ ಬೇಕು. ಬಾರನ್ನು ಬೀಳಬಿಟ್ಟು ಎದೆಯ ಮೇಲೆ ಪುಟಿಸಿ ಎತ್ತುವವರ ಪರವಾಗಿ ನಾನು ವಾದಿಸುತ್ತಿಲ್ಲ. ಹೊಸಬರಿಗೆ ಭಂಗಿ ಕಲಿಸಲು, ಮಂಡಿಯ ಸ್ನಾಯುರಜ್ಜು ನೋವಿನಿಂದ ಚೇತರಿಸಿಕೊಳ್ಳುವವರಿಗೆ, ನಿಧಾನದ ರೆಪ್ ಉಪಯುಕ್ತವೇ. ಉಳಿದವರ ಬಳಿ ಸೆಕೆಂಡು ಎಣಿಸುವ ಟ್ರೈನರ್, ಹೋದ ತಿಂಗಳು ಬಾರ್‌ಗೆ ಎಷ್ಟು ಕಿಲೋ ಹಾಕಿದ್ದರು, ಈ ತಿಂಗಳು ಎಷ್ಟು ಎಂದು ಬರೆದಿಡಲಿ.