ಬಾರಿನೊಳಗೊಂದು ಸಸ್ಯಾಹಾರಿ ಅಡುಗೆಮನೆ

ವಾಷಿಂಗ್ಟನ್ನಿನ 14ನೇ ಬೀದಿಯಲ್ಲಿ 1993ರಲ್ಲಿ ಶುರುವಾದ ‘ಬ್ಲ್ಯಾಕ್ ಕ್ಯಾಟ್’ ಸಂಗೀತದ ಬಾರು ನನಗೆ ಮೆಚ್ಚುಗೆಯಾಗುವುದು ಅದರ ಊಟದ ಕಾರಣಕ್ಕೂ ಹೌದು. ಮಾಲೀಕ ಡಾಂಟೆ ಫೆರಾಂಡೊ ಸ್ವತಃ ಪಂಕ್ ತಂಡಗಳ ಡ್ರಮ್ಮರ್. ಅವರ ತಂದೆ ಡ್ಯೂಪಾಂಟ್ ಸರ್ಕಲ್‌ನಲ್ಲಿ ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲು ‘ಫುಡ್ ಫಾರ್ ಥಾಟ್’ ಮುಚ್ಚಿದ ಮೇಲೆ ಅದೇ ಹೆಸರಿನ ಕೆಫೆ ಬಾರಿನೊಳಗೇ ತೆರೆಯಿತು. ಹಾಲು, ಮೊಟ್ಟೆ ಸೋಕದ ತಿನಿಸುಗಳೂ ಅಲ್ಲಿ ಸಿಗುತ್ತಿದ್ದವು. ಇದು ಬರೀ ಫ್ಯಾಷನ್ ಎನ್ನುವವರು ಆ ಊರಿನ ಸಂಗೀತವನ್ನು ಮರೆಯುತ್ತಾರೆ. 1980ರ ದಶಕದ ಆರಂಭದಲ್ಲೇ ಅಲ್ಲಿನ ಹಾರ್ಡ್‌ಕೋರ್ ಪಂಕ್ ಹುಡುಗರಲ್ಲಿ ಹಲವರು ಕುಡಿತ, ಮಾದಕವಸ್ತು ಬೇಡವೆಂದು ‘ಸ್ಟ್ರೇಟ್ ಎಡ್ಜ್’ ಹಾದಿ ಹಿಡಿದರು. ಮುಂದೆ ಅವರಲ್ಲಿ ಅನೇಕರು ಮಾಂಸವನ್ನೂ ಬಿಟ್ಟರು. ಕುಡಿಯುವ ವಯಸ್ಸಾಗದವರ ಕೈಮೇಲೆ ಕತ್ತರಿ ಗುರುತು ಹಾಕಿ ಒಳಬಿಡುವ ಕ್ರಮವೂ ಈ ಹುಡುಗರಿಂದಲೇ ಅಲ್ಲಿ ಬೇರೂರಿತು. ಹಾಗಾಗಿ ಆ ಅಡುಗೆ ಅದೇ ಸಂಗೀತದ ಮನೆಮಗಳು.

ಬಾರು ನಡೆಯುವುದೇ ಮದ್ಯದ ಲಾಭದಿಂದ, ಕುಡಿಯದವರು ಜಾಗವನ್ನಷ್ಟೇ ತುಂಬುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಟಿಕೆಟ್ ಕೊಂಡು, ಒಂದು ತಟ್ಟೆ ಊಟ ಮಾಡಿ ಹಾಡು ಕೇಳುವ ಹದಿನಾರರ ಹುಡುಗಿಯೂ ಗಿರಾಕಿಯೇ. ನಾಳೆ ಗಿಟಾರ್ ಹಿಡಿದು ಅದೇ ವೇದಿಕೆ ಏರುವವಳು ಅವಳೇ ಇರಬಹುದು. ತಟ್ಟೆಗಳ ಸದ್ದು ಹಾಡನ್ನು ಕೆಡಿಸುತ್ತದೆಯೇ? 2001ರಲ್ಲಿ ಸೇರಿದ ಹೊಸ ಕಟ್ಟಡದಲ್ಲಿ ಕೆಫೆ ಕೆಳಗಿತ್ತು, ದೊಡ್ಡ ವೇದಿಕೆ ಮಹಡಿಯ ಮೇಲೆ.