ಶಿಶುಮೂತ್ರದ ಸಾಕ್ಷ್ಯ: ಜಪಾನಿನ ಒಂದು ಕಾರ್ಯಕ್ರಮದ ವಿಮರ್ಶೆ

ಮೂತ್ರವನ್ನು ನೋಡಿ ರೋಗವನ್ನು ನಿರ್ಣಯಿಸುವ ಪದ್ಧತಿ ಬಹು ಪುರಾತನವಾದುದು. ಪ್ರಮೇಹದ 20 ಭೇದಗಳನ್ನು ನಮ್ಮ ಆಯುರ್ವೇದಾಚಾರ್ಯರು ಹಾಗೆಯೇ ವಿಂಗಡಿಸಿರುವರು. ಅರ್ಬುದರೋಗಕ್ಕೆ, ಎಂದರೆ ಕ್ಯಾನ್ಸರಿಗೆ, ಮೂತ್ರವು ಸಾಕ್ಷಿಯಾಗಬಲ್ಲುದೇ ಎಂಬ ಪ್ರಶ್ನೆಯನ್ನು ರಸಾಯನಶಾಸ್ತ್ರಜ್ಞರಿಗೇ ಬಿಟ್ಟು ನಾವು ಸುಮ್ಮನಿರಬಹುದಾಗಿತ್ತು. ಆದರೆ ಸಾಕ್ಷ್ಯವನ್ನು ತೂಗಿನೋಡುವುದು ಇತಿಹಾಸಕಾರನ ಕಸುಬೂ ಹೌದಾದುದರಿಂದ, ಜಪಾನಿನ ಒಂದು ಪ್ರಕರಣವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ನ್ಯೂರೋಬ್ಲಾಸ್ಟೋಮ ಎಂಬುದು ಎಳೆಯ ಮಕ್ಕಳ ನರಮಂಡಲಕ್ಕೆ ಸಂಬಂಧಿಸಿದ, ಅನೇಕ ವೇಳೆ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ಗಂತಿ. ಅದು ಸಾಮಾನ್ಯವಾಗಿ ಅಡ್ರಿನಲಿನ್ ವರ್ಗದ ದ್ರವ್ಯಗಳನ್ನು ತಯಾರಿಸುತ್ತದೆ. ಅವು ದೇಹದಲ್ಲಿ ವಿಘಟನೆ ಹೊಂದಿ, ವೆನಿಲಿಲ್‌ಮ್ಯಾಂಡೆಲಿಕ್ ಆಮ್ಲ, ಹೋಮೋವೆನಿಲಿಕ್ ಆಮ್ಲಗಳ ರೂಪದಲ್ಲಿ ಮೂತ್ರದೊಡನೆ ಹೊರಬೀಳುತ್ತವೆ. ಒಂದು ವರ್ಷ ತುಂಬುವುದರೊಳಗೆ ರೋಗ ಪತ್ತೆಯಾದ ಮಕ್ಕಳಲ್ಲಿ ಬಹುಮಂದಿ ಉಳಿಯುವುದನ್ನೂ, ತಡವಾಗಿ ಪತ್ತೆಯಾದವರಲ್ಲಿ ಹಲವರು ಮೃತರಾಗುವುದನ್ನೂ ಕಂಡ ಜಪಾನೀ ವೈದ್ಯರು, ಬೇಗ ಹುಡುಕಿದರೆ ಹೆಚ್ಚು ಮಕ್ಕಳು ಉಳಿದಾರೆಂದು ತರ್ಕಿಸಿದರು. ಆರು ತಿಂಗಳ ಶಿಶುಗಳ ಮೂತ್ರಪರೀಕ್ಷೆ 1980ರ ದಶಕದ ನಡುವೆ ರಾಷ್ಟ್ರವ್ಯಾಪಿಯಾಯಿತು.

ಆಮ್ಲಗಳ ಅಳತೆಯಲ್ಲಿ ದೋಷವಿರಲಿಲ್ಲ. ದೋಷವಿದ್ದುದು ಅದರಿಂದ ತೆಗೆದ ಅನುಮಾನದಲ್ಲಿ. ಶೈಶವದ ಈ ಗಂತಿಗಳಲ್ಲಿ ಎಷ್ಟೋ ತಾವಾಗಿಯೇ ಕರಗಿಹೋಗುವಂಥವು. ಮೂತ್ರವು ವಿಶೇಷವಾಗಿ ತೋರಿಸಿಕೊಟ್ಟುದು ಇವನ್ನೇ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿಯೂ ಜರ್ಮನಿಯಲ್ಲಿಯೂ ನಡೆದ ಪರೀಕ್ಷೆಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಜರ್ಮನಿಯಲ್ಲಿ 14,75,773 ಮಕ್ಕಳನ್ನು ಪರೀಕ್ಷಿಸಿ 149 ಮಂದಿಯಲ್ಲಿ ಗಂತಿಯನ್ನು ಕಂಡುಹಿಡಿದರು. ಆದರೂ ಪರೀಕ್ಷೆ ನಡೆಯದ ಪ್ರದೇಶಗಳಿಗಿಂತ ಅಲ್ಲಿ ಮರಣ ಕಡಮೆಯಾಗಲಿಲ್ಲ. ಸುಮ್ಮನೆ ಬಿಟ್ಟಿದ್ದರೆ ಮಾಯಬಹುದಾಗಿದ್ದ ಗಂತಿಗಾಗಿ ಹಸುಳೆಗಳು ಶಸ್ತ್ರಕ್ಕೂ ಉಗ್ರವಾದ ಔಷಧಗಳಿಗೂ ಗುರಿಯಾದವು. ಜಪಾನ್ ಸರ್ಕಾರವು 2003ರಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಲು ತೀರ್ಮಾನಿಸಿತು.

ವಿವಾದ ಅಲ್ಲಿಗೆ ಮುಗಿಯಲಿಲ್ಲ. 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹಿಯಾಮ ಮತ್ತು ಅವರ ಸಂಗಡಿಗರು, ಕಾರ್ಯಕ್ರಮಕ್ಕೆ ಮುಂಚೆ ಹುಟ್ಟಿದವರಿಗಿಂತ ಅನಂತರ ಹುಟ್ಟಿದವರಲ್ಲಿ ಈ ರೋಗದಿಂದಾದ ಮರಣ ಕಡಮೆಯೆಂದು ತೋರಿಸಿದರು. ಎರಡು ಕೋಟಿಗೂ ಮಿಕ್ಕ ಮಕ್ಕಳ ದಾಖಲೆಯನ್ನು ಶೋಧಿಸಿದ ಅವರ ಶ್ರಮ ಗೌರವಾರ್ಹವಾದುದು. ಅದನ್ನು ತಳ್ಳಿಹಾಕುವವರೊಡನೆ ನಾವು ಸೇರೆವು. ಆದರೆ ಎರಡು ಕಾಲಗಳನ್ನು ಹೋಲಿಸುವಾಗ ಅವುಗಳ ನಡುವೆ ಒಂದೇ ಒಂದು ಸಂಗತಿ ಬದಲಾಯಿತೆಂದು ಭಾವಿಸುವುದು ಹೇಗೆ? ಆ ವರ್ಷಗಳಲ್ಲಿ ಚಿಕಿತ್ಸೆಯೂ ಸುಧಾರಿಸಿತ್ತು. ಕಾಗೆ ಕೂತುದಕ್ಕೂ ಕೊಂಬೆ ಮುರಿದುದಕ್ಕೂ ಗಂಟುಹಾಕುವ ಈ ತರ್ಕವನ್ನು ರಾಜವಂಶಗಳ ಏಳುಬೀಳುಗಳ ಚರ್ಚೆಯಲ್ಲಿ ನಮ್ಮ ವಿದ್ಯಾರ್ಥಿಗಳು ದಿನವೂ ಕಾಣುತ್ತಾರೆ. ಪರೀಕ್ಷೆಗೆ ಬಾರದ ಮಕ್ಕಳೊಡನೆ ಹೋಲಿಸಿದರೂ ತೊಡಕು ತಪ್ಪದು: ಮೂತ್ರವನ್ನು ಕಳುಹಿಸಿದ ಮನೆಗಳೂ ಕಳುಹಿಸದ ಮನೆಗಳೂ ಒಂದೇ ಬಗೆಯವೆಂದು ಹೇಳುವಂತಿಲ್ಲ. ಕ್ವಿಬೆಕ್, ಜರ್ಮನಿಗಳ ಹೋಲಿಕೆಯಾದರೋ ಏಕಕಾಲದ್ದು, ಮೊದಲೇ ಗೊತ್ತುಮಾಡಿಕೊಂಡು ನಡೆಸಿದ್ದು. ಅದಕ್ಕೇ ಹೆಚ್ಚಿನ ತೂಕ ಸಲ್ಲತಕ್ಕದ್ದು.

ಇಷ್ಟರಿಂದ ಆ ಆಮ್ಲಗಳು ನಿರರ್ಥಕವೆಂದು ಯಾರೂ ತಿಳಿಯಬೇಕಾಗಿಲ್ಲ. ರೋಗದ ಶಂಕೆ ಮೊದಲೇ ಹುಟ್ಟಿರುವ ಮಗುವಿನಲ್ಲಿ ವೈದ್ಯರು ಇಂದಿಗೂ ಅವನ್ನು ಅಳೆಯುತ್ತಾರೆ. ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನೂ ಅವುಗಳಿಂದ ಗಮನಿಸುತ್ತಾರೆ.