ಟ್ಯಾಂಕರ್ ನೀರಿಗೆ ಬಗ್ಗದ ಧೂಳು

ಆಂಧ್ರದ ಗಡಿಯ ಡಿ. ಹಿರೇಹಾಳ್ ಕಡೆಯ ಗುಡ್ಡಗಳಿಂದ ಅದಿರಿನ ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲದಲ್ಲಿ ರಸ್ತೆ ಪಕ್ಕದ ಹುಣಸೆ ಎಲೆಯ ಮೇಲೆ ಬೆರಳಾಡಿಸಿದರೆ ಕುಂಕುಮ ಹತ್ತಿದ ಹಾಗೆ ಕೆಂಪಾಗುತ್ತಿತ್ತು. ಜೋಳದ ಸೊಪ್ಪೆಯನ್ನು ಎರಡೆರಡು ಸಲ ಜಾಡಿಸಿ ಹಾಕಿದರೂ ಎಮ್ಮೆ ಮೂಸಿ ಮುಖ ತಿರುಗಿಸುತ್ತಿತ್ತು. ಅದಕ್ಕೆಲ್ಲ ಮದ್ದು ಎಂಬಂತೆ ಬೆಳಿಗ್ಗೆ ಒಂದು ಟ್ಯಾಂಕರ್ ಬಂದು ರಸ್ತೆ ತೋಯಿಸಿ ಹೋಗುತ್ತಿತ್ತು. ಆ ಲಾರಿಗಳ ಓಡಾಟ ನಿಂತು ಎಷ್ಟೋ ವರ್ಷಗಳಾದವು. ರಾಯದುರ್ಗ, ಮಡಕಶಿರದ ಸುತ್ತ ನಾನು ಕಂಡ ಜಲ್ಲಿ ಕ್ರಷರ್‌ಗಳ ದಾರಿಯಲ್ಲಿ ಮದ್ದು ಮಾತ್ರ ಇಂದಿಗೂ ಅದೇ.

ಈ ಮದ್ದು ನಾಟುವುದಿಲ್ಲ. ನಮ್ಮ ಬಿಸಿಲಿಗೆ, ಬೀಸುವ ಗಾಳಿಗೆ ತೋಯಿಸಿದ ರಸ್ತೆ ನೋಡನೋಡುತ್ತಿದ್ದಂತೆ ಒಣಗುತ್ತದೆ. ಒಣಗಿದ ಕೆಸರನ್ನು ಮುಂದಿನ ಟಿಪ್ಪರಿನ ಚಕ್ರ ಇನ್ನೂ ನುಣ್ಣಗೆ ಅರೆಯುತ್ತದೆ. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನಷ್ಟು ಮಳೆ ಕಾಣುವ ಸೀಮೆಯಲ್ಲಿ, ಕೊಡ ಹಿಡಿದು ಕಾಯುವವರ ಕಣ್ಣೆದುರೇ ನೀರನ್ನು ಹೀಗೆ ಮಣ್ಣುಪಾಲು ಮಾಡುವುದು ನನಗೆ ಸಹಿಸಲಾಗದ ಸಂಗತಿ.

ಇದು ಬರಡು ಸೀಮೆ, ಧೂಳು ಇದ್ದದ್ದೇ ಎನ್ನುವವರಿದ್ದಾರೆ. ಹಗರಿ ದಂಡೆಯ ದರ್ಗಾ ಹೊನ್ನೂರಿನ ಮರಳು ದಿಬ್ಬಗಳನ್ನೂ ತೋರಿಸುತ್ತಾರೆ. ಗಾಳಿಗೆ ಮರಳು ಹೊಲ ಮುಚ್ಚುವುದು ನಿಜ. ಆದರೆ ಮರಳಿನ ಕಾಳು ದಪ್ಪ, ಬೇಗ ನೆಲ ಹಿಡಿಯುತ್ತದೆ. ಕ್ರಷರ್ ಉಗುಳುವ ಪುಡಿಯಲ್ಲಿ 10 ಮೈಕ್ರಾನಿಗಿಂತ ಸಣ್ಣದೂ ಇರುತ್ತದೆ; ಅದು ಗಾಳಿಯಲ್ಲೇ ತೇಲಿ ಎದೆಗಿಳಿಯುತ್ತದೆ. ಬೆಣಚುಕಲ್ಲಿನ (ಸಿಲಿಕಾ) ಅಂಶವಿದ್ದರೆ ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು. ಪುಪ್ಪುಸ ಗಟ್ಟಿಯಾಗುವ ಈ ಕಾಯಿಲೆಗೆ ವಾಸಿಯೆಂಬುದಿಲ್ಲ.

ಧೂಳು ಹುಟ್ಟುವ ಜಾಗ ಯಾವುದೆಂದು ಕ್ರಷರ್ ನೋಡಿದವರಿಗೆಲ್ಲ ಗೊತ್ತು: ಕಲ್ಲು ಒಡೆಯುವ ಬಾಯಿ, ಜರಡಿ, ಬೆಲ್ಟಿನಿಂದ ಜಲ್ಲಿ ಕೆಳಗೆ ಬೀಳುವ ತುದಿ. ಅಲ್ಲಿ ತಗಡಿನ ಮುಚ್ಚಿಗೆ ಹಾಕಿ, ಬೀಳುವ ಜಲ್ಲಿಗೇ ಮಂಜಿನಂತೆ ನೀರು ಸಿಂಪಡಿಸಿದರೆ ಧೂಳು ಹುಟ್ಟಿದಲ್ಲೇ ಬಹುಪಾಲು ಅಡಗುತ್ತದೆ. ಮುಚ್ಚಿಗೆ, ಸಿಂಪಡಣೆ, ಗಾಳಿ ತಡೆಯುವ ಗೋಡೆ, ಸುತ್ತ ಮರಗಳ ಸಾಲು ಎಲ್ಲವೂ ಕ್ರಷರ್ ನಿಯಮದಲ್ಲೇ ಇವೆ. ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಧೂಳು ಘನಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದೆಂಬ ಮಿತಿಯೂ ಇದೆ. ಸಾಗಣೆಗೂ ದಾರಿಯುಂಟು. ಸಂಡೂರು ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮುಚ್ಚಿದ ಕನ್ವೇಯರ್‌ನಲ್ಲೇ ಅದಿರು ಹೋಗುತ್ತಿದೆ.

2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ತಂದಿತು. ಇಷ್ಟು ವರ್ಷದೊಳಗೆ ಇಷ್ಟು ಧೂಳು ಇಳಿಯಬೇಕೆಂದು ಮೊದಲ ಬಾರಿಗೆ ಲೆಕ್ಕ ಹಾಕಿಕೊಟ್ಟದ್ದು ಅದರ ದೊಡ್ಡ ಗುಣ. ಪಟ್ಟಿಯ 131 ನಗರಗಳಲ್ಲಿ ಅನಂತಪುರ ಇದೆ. ರಾಯದುರ್ಗ, ಮಡಕಶಿರ ಇಲ್ಲ. ಪಟ್ಟಿಯೊಳಗೂ ಅದೇ ಟ್ಯಾಂಕರ್ ಬುದ್ಧಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ 2024ರ ಪರಿಶೀಲನೆಯ ಪ್ರಕಾರ ಖರ್ಚಾದ ಹಣದಲ್ಲಿ ಶೇ. 64ರಷ್ಟು ರಸ್ತೆ ಧೂಳಿಗೆ ಹೋಗಿದೆ. ಕೈಗಾರಿಕೆಯ ಹೊಗೆ, ಧೂಳಿಗೆ ಸಿಕ್ಕಿದ್ದು ಶೇ. 1ಕ್ಕಿಂತ ಕಡಿಮೆ. ಗುಡಿಸಲು, ತೊಳೆಯಲು ದುಡ್ಡಿದೆ, ಹುಟ್ಟುವಲ್ಲೇ ತಡೆಯಲು ಇಲ್ಲ.

ಮಡಕಶಿರದ ಕಡೆ ಸಂಜೆ ಕ್ರಷರ್ ಕೆಲಸ ಬಿಟ್ಟು ಬಂದ ಒಬ್ಬರು ಮೂಗಿಗೆ ಕಟ್ಟಿದ್ದ ಟವೆಲ್ ಬಿಚ್ಚಿ ನನ್ನೆದುರೇ ಜಾಡಿಸಿದರು. ಹೊರಮೈ ಬೂದಿಯಂತೆ ಬೆಳ್ಳಗಿತ್ತು. ಮಗುಚಿ ತೋರಿಸಿದರು. ಮೂಗು, ಬಾಯಿ ತಾಗಿದ್ದ ಒಳಮೈಯೂ ಬೆಳ್ಳಗೇ ಇತ್ತು.